ಒಂದೇ ಹರಿವಾಣ

ನನ್ನ ತಂಗಿ ನುಯೇನಾಳ ಹೊಟ್ಟೆಯನ್ನು ಅಕ್ಕಪಕ್ಕದ ಹುಡುಗಿಯರು ಡೋಲಿನ ಹಾಗೆ ಬಾರಿಸುತ್ತಿದ್ದರು. ನೋಯುವಂತೆ ಅಲ್ಲ, ಬೆರಳ ತುದಿಯಿಂದ. ಢಬ್ ಎಂದು ಸದ್ದು ಬಂದರೆ ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಒಂಬತ್ತು ತುಂಬಿದ್ದರೂ ನೋಡಿದವರು ಆರು ಎನ್ನುತ್ತಿದ್ದರು. ಕೈಕಾಲು ಕಡ್ಡಿ. ಹೊಟ್ಟೆ ಮಾತ್ರ ನೀರು ತುಂಬಿದ ತೊಗಲ ಚೀಲದಂತೆ ಮುಂದೆ.

"ಇವಳ ಮದುವೆಗೆ ಡೋಲಿನವರನ್ನ ಕರೆಸೋದೇ ಬೇಡ ಬಿಡು, ದೇದಾ," ಎಂದು ಪಕ್ಕದ ಗುಡಾರದ ಸೆನಿಯಾ ನನ್ನ ಅಜ್ಜಿಯನ್ನು ಕೆಣಕುತ್ತಿದ್ದಳು.

"ನಿನ್ನ ಬಾಯಿ ಒಂದಿದ್ರೆ ಸಾಕು. ಡೋಲೂ ಬೇಡ, ಹಾಡೋರೂ ಬೇಡ."

ಸೆನಿಯಾ ಎದ್ದು ಹೋದ ಮೇಲೆ ಅಜ್ಜಿ ನುಯೇನಾಳನ್ನು ಮಡಿಲಿಗೆಳೆದುಕೊಂಡು, ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು ಕೂರುತ್ತಿದ್ದಳು. ಆ ಅಂಗೈಗೆ ಏನು ನೆನಪಾಗುತ್ತಿದೆಯೆಂದು ನನಗೆ ಗೊತ್ತಿತ್ತು. ದೇಶ ಬಿಟ್ಟು ಈ ಕಲ್ಲುಬಯಲಿನ ನಿರಾಶ್ರಿತರ ಶಿಬಿರಕ್ಕೆ ಓಡಿ ಬಂದ ಮೊದಲ ವರ್ಷಗಳಲ್ಲಿ ಅಜ್ಜಿ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ್ದಳು. ಲಹಬೀಬ್ ಮತ್ತು ಮಿನಾತು. ಇಬ್ಬರಿಗೂ ಹೀಗೇ ಹೊಟ್ಟೆ ಉಬ್ಬಿತ್ತಂತೆ. ಆಮೇಲೆ ಹುಟ್ಟಿದವಳು ನನ್ನ ಅಮ್ಮ. ಅವಳೊಬ್ಬಳು ಉಳಿದಳು.

ನುಯೇನಾ ಹುಟ್ಟಿದಾಗ ನನಗೆ ಹದಿಮೂರು. ಹಾಲು ಬಿಡಿಸುವವರೆಗೂ ಗುಂಡಗಿದ್ದ ಕೂಸು, ಬಿಡಿಸಿದ ಮೇಲೆ ಸೊರಗಿತು. ಅಮ್ಮ ಶಿಶುವಿಹಾರದ ಅಡುಗೆಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪ ಗಡಿಯ ಠಾಣೆಯಲ್ಲಿ. ಮಗುವನ್ನು ನೋಡಿಕೊಳ್ಳಲೆಂದು ನಾನು ಶಾಲೆಗೆ ಒಂದು ವಾರ ಹೋಗಲಿಲ್ಲ. ಆಮೇಲೆ ಹೋಗು ಎಂದು ಯಾರೂ ಹೇಳಲಿಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಅಂದಿನಿಂದ ಮನೆಯ ರೊಟ್ಟಿ ನನ್ನ ಪಾಲಿನ ಕೆಲಸವಾಯಿತು. ನಾನು ಹೆಚ್ಚು ಮಾತಾಡುವವಳಲ್ಲ. ಏನಾದರೂ ಹೇಳಬೇಕೆಂದು ಮಾತು ಹೊಂದಿಸಿಕೊಳ್ಳುವ ಹೊತ್ತಿಗೆ ಬಂದವರು ವಾಡಿಕೆಯ ಮೂರನೇ ಲೋಟ ಚಹಾ ಮುಗಿಸಿ ಎದ್ದುಬಿಟ್ಟಿರುತ್ತಾರೆ. ಆದರೆ ರೊಟ್ಟಿ ಚೆನ್ನಾಗಿ ಸುಡುತ್ತಿದ್ದೆ. "ಸಲ್ಕಾಗೆ ನಾಲಿಗೆ ಇಲ್ಲ, ಕೈಯಲ್ಲೇ ಮಾತಾಡ್ತಾಳೆ," ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ನುಯೇನಾಳಿಗೆ ಒಂಬತ್ತು ತುಂಬಿದ ಚಳಿಗಾಲದಲ್ಲಿ ಅಜ್ಜಿ ನಾಟಿ ಮದ್ದಿನ ಫಾಲಾಳನ್ನು ಕರೆಸಿದಳು. ಫಾಲಾ ನುಯೇನಾಳ ನಾಲಿಗೆ ನೋಡಿದಳು, ಉಗುರು ಒತ್ತಿ ನೋಡಿದಳು, ಹೊಟ್ಟೆಗೆ ಕಿವಿಯಿಟ್ಟಳು.

"ಇಗಿಂದಿ," ಎಂದಳು. ತಿಂದದ್ದೇನೋ ಮೈಗೆ ಒಗ್ಗದೆ ತಿರುಗಿಬಿದ್ದರೆ ಬರುವ ಕಾಯಿಲೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಏನೇನು ತಿಂತಾಳೆ ಹೇಳು. ಉಪ್ಪು?"

"ಹೂಂ," ಎಂದಳು ಅಜ್ಜಿ.

"ಕಡಲೆಕಾಯಿ?"

"ಹಬ್ಬಕ್ಕೆ ಒಂದು ಹಿಡಿ."

"ಡಬ್ಬಿ ಮೀನು?"

"ಹಂಚಿದಾಗ ತಿನ್ನದೆ ಇರ್ತಾಳಾ?"

"ಅಯ್ಯೋ ದೇದಾ! ಸತ್ತು ಎರಡು ವರ್ಷ ಆಗಿರೋ ಮೀನು, ತನ್ನ ತಲೆ ಎಲ್ಲಿದೆ ಅಂತ ಅದಕ್ಕೇ ಗೊತ್ತಿಲ್ಲ. ಅದನ್ನ ಈ ಕೂಸಿಗೆ ತಿನ್ನಿಸಿದ್ದೀಯಲ್ಲ!"

ನುಯೇನಾ ಕಿಸಕ್ಕೆಂದಳು. ಫಾಲಾ ಸಕ್ಕರೆ ಕೇಳಿದಳು, ಬೇಳೆ ಕೇಳಿದಳು, ಮೇಕೆಹಾಲು ಕೇಳಿದಳು. ರೊಟ್ಟಿಯನ್ನು ಕೇಳಲಿಲ್ಲ. ಏನೇನು ತಿನ್ನುತ್ತಾಳೆ ಎಂಬ ಲೆಕ್ಕಕ್ಕೆ ರೊಟ್ಟಿ ಬರುವುದೇ ಇಲ್ಲ, ಗಾಳಿ ನೀರಿನ ಹಾಗೆ ಅದು.

ಉಪ್ಪು ನಿಂತಿತು, ಮೀನು ನಿಂತಿತು. ಜಾಲಿ ಅಂಟನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಕುಡಿಸಿದೆವು. ಜೀರಿಗೆ ಹುರಿದು ಕುಡಿಸಿದೆವು. ಕಹಿಸೊಪ್ಪಿನ ಹೊಗೆ ಹಾಕಿದೆವು. ಹೊಟ್ಟೆ ಇಳಿಯಲಿಲ್ಲ. ಕೊನೆಗೆ ಫಾಲಾ ಕಬ್ಬಿಣದ ಮೊಳೆಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಹೊಕ್ಕುಳ ಕೆಳಗೆ ಎರಡು ಕಡೆ ಬರೆ ಹಾಕಿದಳು. ನುಯೇನಾಳ ಭುಜ ಹಿಡಿದುಕೊಂಡಿದ್ದವಳು ನಾನು. ಅವಳು ಅರಚಲಿಲ್ಲ, ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದಳು. ಬಿಟ್ಟ ಮೇಲೆ ಅಜ್ಜಿ ಅವಳಿಗೆ ಬಿಸಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿದಳು. ಪ್ರತಿ ಮದ್ದಿನ ಮೇಲೂ ಅದೇ. ಮದ್ದು ಕಹಿ, ರೊಟ್ಟಿ ಸಮಾಧಾನ.

ಅದೇ ವಾರ ಹಿಟ್ಟಿನ ಲಾರಿ ಬರಲಿಲ್ಲ. ಎಲ್ಲೋ ದಾರಿಯಲ್ಲಿ ಮುರಿದು ನಿಂತಿದೆ ಎಂದರು. ಇಂದು ನಾಳೆ ಎನ್ನುತ್ತ ಮೂರು ವಾರ ಕಳೆಯಿತು. ಅಕ್ಕಿ ಇತ್ತು, ಬೇಳೆ ಇತ್ತು, ಒಂದು ಮೇಕೆ ಕೊಯ್ದೆವು. ಎರಡನೇ ವಾರದಲ್ಲಿ ನುಯೇನಾಳ ಲಂಗದ ದಾರ ಸಡಿಲವಾಯಿತು. ಒಂದು ಮಧ್ಯಾಹ್ನ ಅವಳು ಮೇಕೆ ದೊಡ್ಡಿಗಳವರೆಗೂ ಓಡಿ, ನಿಲ್ಲದೆ ವಾಪಸು ಓಡಿ ಬಂದಳು. ಹುಡುಗಿಯರು ಹೊಟ್ಟೆ ತಟ್ಟಿದರೆ ಸದ್ದು ಬರಲಿಲ್ಲ; ಆಟ ಕೆಟ್ಟಿತೆಂದು ಬೇಸರ ಮಾಡಿಕೊಂಡರು.

"ನೋಡಿದ್ಯಾ ಬರೆಯ ಗುಣ?" ಎಂದು ಅಜ್ಜಿ ಫಾಲಾಳಿಗೆ ಒಂದು ಕುರಿಚರ್ಮ ಕಳಿಸಿಕೊಟ್ಟಳು.

ಲಾರಿ ಬಂತು. ನಾನು ಖುಷಿಯಿಂದ ಎಂಟು ರೊಟ್ಟಿ ಸುಟ್ಟೆ. ನಾಲ್ಕು ದಿನಕ್ಕೆ ಲಂಗದ ದಾರ ಮತ್ತೆ ಬಿಗಿಯಾಯಿತು.

ನಾನು ಅದನ್ನು ನೋಡಿದೆ. ಮನೆಯಲ್ಲಿ ನೋಡಿದವಳು ನಾನೊಬ್ಬಳೇ; ಆ ದಾರ ಕಟ್ಟುತ್ತಿದ್ದವಳೂ ನಾನೇ, ಆ ಹಿಟ್ಟು ನಾದುತ್ತಿದ್ದವಳೂ ನಾನೇ. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎಪ್ಪತ್ತು ದಾಟಿದ ಅಜ್ಜಿಗೂ ಫಾಲಾಳಿಗೂ ನನಗೆ ರೊಟ್ಟಿಯ ಮೇಲೆ ಅನುಮಾನವಿದೆ ಎಂದು ಹೇಗೆ ಹೇಳುವುದು? ನನ್ನದೇ ರೊಟ್ಟಿ ಬೇರೆ. ಹೇಳಲಿಲ್ಲ. ಚಳಿ ಮುಗಿದು, ಮರಳುಗಾಳಿ ಮುಗಿದು, ಬಿಸಿಲು ಬಂತು. ಐದು ತಿಂಗಳು ಹೇಳಲಿಲ್ಲ. ಅಷ್ಟರಲ್ಲಿ ನುಯೇನಾ ಶಾಲೆಯ ಗೋಡೆಯ ಪಕ್ಕ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಬಶೀರ್ ಇದ್ದರು. ಹನ್ನೆರಡನೇ ವಯಸ್ಸಿಗೆ ಕ್ಯೂಬಾಕ್ಕೆ ಓದಲು ಹೋಗಿ, ಹದಿನಾರು ವರ್ಷ ಬಿಟ್ಟು ಡಾಕ್ಟರಾಗಿ ಮರಳಿದವರು. ನಮ್ಮ ಮಾತು ಅರ್ಧ ಮರೆತಿದ್ದಾರೆ; ನಿಂತುಕೊಂಡೇ ಚಹಾ ಕುಡಿಯುತ್ತಾರೆ.

"ದೇದಾಜ್ಜಿ, ನನಗೆ ಹೆಣ್ಣು ನೋಡ್ತೀನಿ ಅಂದಿದ್ರಲ್ಲ, ಏನಾಯ್ತು?"

"ಮೊದಲು ಮೂರು ಲೋಟ ಮುಗಿಯೋವರೆಗೆ ಕೂತ್ಕೊಳ್ಳೋದು ಕಲಿ. ನಿಂತು ಚಹಾ ಕುಡಿಯೋ ಒಂಟೆಗೆ ಯಾರಪ್ಪಾ ಹೆಣ್ಣು ಕೊಡ್ತಾರೆ?"

ಅವರು ನಗುನಗುತ್ತಲೇ ನುಯೇನಾಳ ಹೊಟ್ಟೆ ಒತ್ತಿದರು. ಬರೆಯ ಗುರುತು ಕಂಡಾಗ ನಗು ನಿಂತಿತು. "ಹೀಗೆ ಉಬ್ಬೋಕೆ ಹತ್ತು ಕಾರಣ ಇರ್ತಾವೆ ಅಜ್ಜಿ. ಹುಳ ಇರಬಹುದು, ಹಾಲು ಒಗ್ಗದೇ ಇರಬಹುದು, ಮಲಬದ್ಧತೆ ಇರಬಹುದು, ಇಲ್ಲಿಯ ನೀರೇ ಇರಬಹುದು. ರಕ್ತ ಕಳಿಸಿ ನೋಡೋಣ," ಎಂದರು.

ಮೂರು ವಾರದ ಮೇಲೆ ಉತ್ತರ ಬಂತು. ಅಜ್ಜಿಗೆ ಮಂಡಿನೋವು, ಅಮ್ಮನಿಗೆ ಕೆಲಸ. ನುಯೇನಾಳನ್ನು ಕರೆದುಕೊಂಡು ನಾನೇ ಹೋದೆ.

"ರೊಟ್ಟಿ," ಎಂದರು ಡಾಕ್ಟರ್. "ಗೋಧಿ ಇವಳ ಕರುಳಿಗೆ ಆಗೋದಿಲ್ಲ. ಒಳಗಿನ ಪದರಾನೇ ಸವೆಸಿಬಿಟ್ಟಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ. ಗೋಧಿ ಬೇಡ, ಬಾರ್ಲಿ ಬೇಡ, ಕುಸ್ಕುಸ್ ಬೇಡ. ಒಂದು ಚೂರೂ ಬೇಡ. ಅಕ್ಕಿ, ಬೇಳೆ, ಮಾಂಸ, ಖರ್ಜೂರ, ಇಷ್ಟೇ. ಬೇರೆ ಪಾತ್ರೆ, ಬೇರೆ ತಟ್ಟೆ. ನಿಮ್ಮ ಮನೇಲಿ ಮರದ ಹರಿವಾಣ ಇದ್ಯಾ?"

ತಲೆಯಾಡಿಸಿದೆ.

"ಅದರಲ್ಲಂತೂ ಬೇಡ. ಮರದ ಸಂದಿಲಿ ಹಿಟ್ಟು ಕೂತಿರುತ್ತೆ. ಇದಕ್ಕೆ ಮಾತ್ರೆ ಇಲ್ಲ ತಾಯಿ, ಇದೇ ಮದ್ದು. ಜೀವನಪೂರ್ತಿ." ಕಾಗದದ ಮೇಲೆ ಏನೋ ಬರೆಯುತ್ತ, ತಲೆಯೆತ್ತದೆ ಕೇಳಿದರು: "ಇದು ರಕ್ತದಲ್ಲಿ ಬರೋದು. ನಮ್ಮ ಜನರಲ್ಲಿ ಬಹಳ. ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಮಕ್ಕಳು ಹೀಗೆ ಹೊಟ್ಟೆ ಉಬ್ಬಿ ತೀರಿಕೊಂಡಿದ್ರಾ?"

ನಾನು ಬಗ್ಗಿ ನುಯೇನಾಳ ಲಂಗದ ದಾರ ಸರಿಮಾಡತೊಡಗಿದೆ. ಅವರು ನನ್ನ ಮೌನವನ್ನು ಇಲ್ಲ ಎಂದುಕೊಂಡು ಬರೆದರು.

ದಾರಿಯುದ್ದಕ್ಕೂ ಲಹಬೀಬ್, ಮಿನಾತು ಎಂಬ ಎರಡು ಹೆಸರು ನನ್ನ ಜೊತೆ ನಡೆದವು. ಅಜ್ಜಿ ಅವರ ಕತೆಯನ್ನು ನೂರು ಸಲ ಹೇಳಿದ್ದಳು. ಊರಿನಲ್ಲಿದ್ದಾಗ ಒಂಟೆಹಾಲು, ಮಾಂಸ, ಖರ್ಜೂರ, ರೊಟ್ಟಿ ಅಪರೂಪ. ಇಲ್ಲಿಗೆ ಬಂದ ಮೇಲೆ ಹಿಟ್ಟಿನ ಮೂಟೆಗಳು. ಮಕ್ಕಳು ಸೊರಗಿದಷ್ಟೂ ತನ್ನ ಪಾಲಿನ ರೊಟ್ಟಿಯನ್ನೂ ಚಹಾದಲ್ಲಿ ಅದ್ದಿ ಅವರ ಬಾಯಿಗೇ ಇಟ್ಟೆ ಎನ್ನುತ್ತಿದ್ದಳು.

ಮನೆಯಲ್ಲಿ ನಾನು ಹೇಳಿದ್ದು ಇಷ್ಟೇ: ರೊಟ್ಟಿ ಬೇಡವಂತೆ, ಬೇರೆ ತಟ್ಟೆಯಂತೆ. ರಕ್ತದ ಮಾತು ಹೇಳಲಿಲ್ಲ.

ಅಜ್ಜಿ ಹರಿವಾಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಊರಿಂದ ಓಡಿ ಬರುವಾಗ ಬೆನ್ನಿಗೆ ಕಟ್ಟಿಕೊಂಡು ತಂದ ಒಂದೇ ವಸ್ತು ಅದು. ನಮ್ಮ ಗುಡಾರದಲ್ಲಿ ಬಂದವರು, ಹೋಗುವವರು, ಜಗಳವಾಡಿದವರು, ಎಲ್ಲರ ಕೈಯೂ ಅದರೊಳಗೇ.

"ನಾನು ಬದುಕಿರೋವರೆಗೆ ಈ ಗುಡಾರದಲ್ಲಿ ಯಾರೂ ಒಬ್ಬರೇ ಕೂತು ಉಣ್ಣಲ್ಲ. ಬೇರೆ ತಟ್ಟೆ ಅಂತೆ! ಮಗು ಏನು ನಾಯೀನಾ?"

"ಡಾಕ್ಟರು ಹೇಳಿದ ಮೇಲೆ ಕೇಳಬೇಕಲ್ಲಮ್ಮ," ಎಂದಳು ನನ್ನ ಅಮ್ಮ.

"ಅವನಿಗೇನು ಗೊತ್ತು? ಸಮುದ್ರದ ಆಚೆ ಒಬ್ಬೊಬ್ಬರೂ ಒಂದೊಂದು ತಟ್ಟೆ ಮುಂದಿಟ್ಟುಕೊಂಡು ಅಪರಿಚಿತರ ಹಾಗೆ ಉಣ್ತಾರಂತೆ. ಅದನ್ನ ಕಲಿತು ಬಂದಿದ್ದಾನೆ."

ಆದರೂ ಅಮ್ಮ ಒಂದು ಸ್ಟೀಲಿನ ತಟ್ಟೆ ತಂದಳು. ನಾನು ನುಯೇನಾಳಿಗೆ ಅದರಲ್ಲಿ ಅನ್ನ ಬಡಿಸುತ್ತಿದ್ದೆ. ನಾವೆಲ್ಲ ಹರಿವಾಣದ ಸುತ್ತ, ಅವಳು ಮೂಲೆಯಲ್ಲಿ ಬೆನ್ನು ತಿರುಗಿಸಿ. ಅಜ್ಜಿ ನಾಲ್ಕು ತುತ್ತಿಗೇ ಎದ್ದುಬಿಡುತ್ತಿದ್ದಳು. ತಿಂಗಳಾದರೂ ಹೊಟ್ಟೆ ಇಳಿಯಲಿಲ್ಲ. ಡಾಕ್ಟರ್ ಬೈದರು: "ಎಲ್ಲಿಂದಲೋ ಹೋಗ್ತಿದೆ. ನೋಡಿಕೊಳ್ಳಿ. ಹೀಗೇ ಆದರೆ ಈ ಬೇಸಿಗೆ ಕಳೆಯೋದು ಕಷ್ಟ."

ಎಲ್ಲಿಂದ ಎಂದು ಎರಡು ದಿನದಲ್ಲಿ ಕಂಡುಕೊಂಡೆ. ಮಧ್ಯಾಹ್ನದ ನಿದ್ದೆಯ ಹೊತ್ತು, ಎಲ್ಲರೂ ಒರಗಿರುವಾಗ, ಅಡುಗೆಕೋಣೆಯ ಹಿಂದಿನ ನೆರಳಿನಲ್ಲಿ ಅಜ್ಜಿ ಕೂತಿದ್ದಳು. ಮಡಿಲಲ್ಲಿ ನುಯೇನಾ. ಅಜ್ಜಿ ಮೈಗೆ ಸುತ್ತಿಕೊಂಡ ಮೆಲ್ಹಫಾದ ಸೆರಗಿನಲ್ಲಿ ನನ್ನ ರೊಟ್ಟಿ. ಚಹಾದಲ್ಲಿ ಅದ್ದಿ, ಹಿಂಡಿ, ಬಾಯಿಗಿಡುತ್ತಿದ್ದಳು.

"ಅಜ್ಜಿ," ಎಂದೆ.

ಅವಳು ಬೆಚ್ಚಲಿಲ್ಲ. "ಹೋಗು, ಮಲಗು. ಮಗು ಒಣಗಿ ಹೋಗ್ತಿದೆ, ನಿಮಗೆ ಕಣ್ಣಿಲ್ಲ. ಅನ್ನವಂತೆ! ಅನ್ನದಲ್ಲಿ ಏನು ಕಸುವಿದೆ?"

"ಬೇಡ ಅಂದಿದ್ದಾರೆ."

"ಹಸಿವು ಅಂದ್ರೆ ಏನು ಅಂತ ನನಗೆ ಗೊತ್ತು ಕಣೇ, ನಿನಗೂ ಗೊತ್ತಿಲ್ಲ, ನಿನ್ನ ಡಾಕ್ಟರಿಗೂ ಗೊತ್ತಿಲ್ಲ. ನನ್ನ ಮಿನಾತು ಕೊನೇ ದಿನ ಕಣ್ಣೂ ಬಿಡ್ತಿರಲಿಲ್ಲ. ಆಗಲೂ ಹೀಗೇ ಹಿಂಡಿ ಹಿಂಡಿ ಬಾಯಿಗೆ ಇಟ್ಟೆ. ನುಂಗಿದಳು. ಹಸಿದು ಹೋಗಲಿಲ್ಲ ನನ್ನ ಮಗು. ನಾಳೆ ದೇವರು ನಿನ್ನ ಮಕ್ಕಳಿಗೆ ಏನು ಮಾಡಿದೆ ಅಂತ ಕೇಳಿದರೆ, ಹೇಳೋಕೆ ನನ್ನ ಹತ್ತಿರ ಇರೋದು ಅದೊಂದೇ ಮಾತು."

ಮುಂದಿನ ತುತ್ತು ಅವಳ ಬೆರಳುಗಳ ನಡುವೆ ಇತ್ತು, ಚಹಾ ತೊಟ್ಟಿಕ್ಕುತ್ತಿತ್ತು. ನುಯೇನಾ ಬಾಯಿ ತೆರೆದುಕೊಂಡಿದ್ದಳು. ಅವಳಿಗೆ ಬೇಕಿರಲಿಲ್ಲ, ಅಜ್ಜಿಗಾಗಿ ತೆರೆದಿದ್ದಳು.

ಒಂದು ಮಾತು ನಾನು ಐದು ತಿಂಗಳು ನುಂಗಿದ್ದೆ. ಅದರ ಫಲ ಎದುರಿಗೇ ಕೂತಿತ್ತು.

"ಡಾಕ್ಟರು ಕೇಳಿದರು ಅಜ್ಜಿ," ಎಂದೆ. "ಇದು ರಕ್ತದಲ್ಲಿ ಬರೋ ಕಾಯಿಲೆಯಂತೆ. ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಮಕ್ಕಳು ಹೀಗೆ ಹೊಟ್ಟೆ ಉಬ್ಬಿ ತೀರಿಕೊಂಡಿದ್ರಾ ಅಂತ ಕೇಳಿದರು."

ತುತ್ತು ಗಾಳಿಯಲ್ಲೇ ನಿಂತಿತು.

ನೆರಳಿನಾಚೆ ಬಿಸಿಲು ಸುರಿಯುತ್ತಿತ್ತು. ಯಾರದೋ ಮೇಕೆ ಕೂಗಿತು. ಅಜ್ಜಿಯ ಕಣ್ಣು ಮೊದಲು ನನ್ನ ಮೇಲಿತ್ತು, ಆಮೇಲೆ ತನ್ನ ಬೆರಳುಗಳ ಮೇಲೆ.

"ನೀನೇನಂದೆ?"

"ಏನೂ ಅನ್ನಲಿಲ್ಲ."

"ಒಳ್ಳೇದು ಮಾಡ್ದೆ," ಎಂದಳು. ತುತ್ತನ್ನು ಚಹಾ ಲೋಟದೊಳಕ್ಕೆ ಬಿಟ್ಟಳು. ನುಯೇನಾಳ ಬಾಯಿಯನ್ನು ಸೆರಗಿನಿಂದ ಒರೆಸಿದಳು. ತುಟಿ ಒರೆಸಿ, ನಾಲಿಗೆ ಚಾಚು ಎಂದು ಹೇಳಿ ನಾಲಿಗೆಯನ್ನೂ ಒರೆಸಿದಳು. ಒರೆಸುತ್ತಲೇ ಇದ್ದಳು. ಸಾಕು ಅಜ್ಜಿ, ಉರೀತಿದೆ ಎಂದು ಮಗು ಕೈ ತಳ್ಳುವವರೆಗೂ.

ಮಾರನೆಯ ದಿನ ಅಜ್ಜಿ ಹಿಟ್ಟಿನ ಮೂಟೆಯನ್ನು ಎಳೆದು ಹೊರಗಿಡಿಸಿದಳು. "ಸೆನಿಯಾಗೆ ಕೊಟ್ಟು ಅವಳ ಅಕ್ಕಿ ತಗೊಂಡು ಬಾ. ಇನ್ನು ಈ ಗುಡಾರದಲ್ಲಿ ಎಲ್ಲರೂ ಮಗು ತಿನ್ನೋದನ್ನೇ ತಿನ್ನೋದು," ಎಂದಳು ಅಮ್ಮನಿಗೆ. ಮರದ ಹರಿವಾಣವನ್ನು ಮರಳು ಹಾಕಿ ಉಜ್ಜಿದಳು, ಬಿಸಿನೀರು ಹಾಕಿ ಉಜ್ಜಿದಳು, ಬಿಸಿಲಿಗಿಟ್ಟು ಉಗುರಿನಿಂದ ಅದರ ಸಂದುಗಳನ್ನು ಕೆರೆದು ನೋಡಿದಳು. ಕೊನೆಗೆ ಆಗದೆಂದು ತಲೆಯಾಡಿಸಿ ಮೇಕೆ ದೊಡ್ಡಿಯೊಳಗೆ ಇಟ್ಟು ಬಂದಳು. ಅಗಲವಾದ ಸ್ಟೀಲಿನ ಪರಾತ ಬಂತು. ಅದರ ಸುತ್ತ ಎಲ್ಲರೂ ಕೂತೆವು, ನುಯೇನಾ ನಡುವೆ. ಮಾಂಸದ ಮೆತ್ತನೆಯ ತುಂಡನ್ನು ಅಜ್ಜಿ ಮೊದಲಿನಂತೆಯೇ ಅವಳ ಕಡೆಗೆ ದಬ್ಬಿದಳು.

"ರೊಟ್ಟಿ ಇಲ್ಲದ ಮನೆ ಅಂತಾರೆ ಜನ," ಎಂದಳು ಸೆನಿಯಾ.

"ಅನ್ನಲಿ. ನಾಲಿಗೆಗೆ ಬೇರೆ ಕೆಲಸ ಇಲ್ಲದೋರು."

ನನ್ನ ಕೈಗೆ ಕೆಲಸ ಕಡಿಮೆಯಾಯಿತು. ಬೆಳಗ್ಗೆ ಎದ್ದ ಕೂಡಲೇ ಬೆರಳುಗಳು ಹಿಟ್ಟು ಹುಡುಕುತ್ತಿದ್ದವು. ಆದರೆ ಎರಡು ತಿಂಗಳಲ್ಲಿ ನುಯೇನಾಳ ಕೆನ್ನೆ ತುಂಬಿತು, ಹೊಟ್ಟೆ ಇಳಿದು ಲಂಗಕ್ಕೆ ಹೊಸ ದಾರ ಬಂತು. ಆಮೇಲೆ ಇನ್ನೊಂದನ್ನು ನೋಡಿದೆ. ನನಗೆ ನೆನಪಿರುವಷ್ಟು ದಿನದಿಂದ ಅಜ್ಜಿಗೆ ಊಟವಾದ ಮೇಲೆ ಹೊಟ್ಟೆ ಕಲ್ಲಾಗುತ್ತಿತ್ತು. ವಯಸ್ಸಿನ ವಾಯು ಎಂದು ಪಕ್ಕಕ್ಕೆ ಒರಗಿ ನರಳುತ್ತಿದ್ದಳು. ಈಗ ಅದೂ ಇಳಿದಿತ್ತು. ಮೆಲ್ಹಫಾ ಸಡಿಲವಾಗಿ ಜಾರುತ್ತಿತ್ತು.

"ಅಜ್ಜಿ, ನಿನಗೂ ವಾಸಿಯಾಯ್ತು!" ಎಂದು ನುಯೇನಾ ಅಜ್ಜಿಯ ಹೊಟ್ಟೆ ತಟ್ಟಿ ಕುಣಿದಳು. "ನೋಡು, ಸದ್ದೇ ಇಲ್ಲ!"

ಅಜ್ಜಿ ಅವಳ ಕೈಯನ್ನು ಮೆಲ್ಲಗೆ ತೆಗೆದಿಟ್ಟಳು. ಆ ಮುಖವನ್ನು ನಾನು ಮರೆಯಲಾರೆ. ಡಾಕ್ಟರು ಹೇಳಿದ ರಕ್ತ ತನ್ನದೇ ಎಂದು ಅರಿತು, ಕದ್ದ ಮಾಲು ಕೈಯಲ್ಲಿರುವಾಗ ಸಿಕ್ಕಿಬಿದ್ದವಳ ಹಾಗೆ.

ಶುಕ್ರವಾರ ಶುಕ್ರವಾರ ಅಜ್ಜಿ ಸ್ಮಶಾನಕ್ಕೆ ಹೋಗಿ, ಸತ್ತವರ ಹೆಸರಿನಲ್ಲಿ ಅಲ್ಲಿಯ ಮಕ್ಕಳಿಗೆ ರೊಟ್ಟಿ ಹಂಚುವುದು ನಲವತ್ತು ವರ್ಷದ ವಾಡಿಕೆ. ಆ ಶುಕ್ರವಾರ ಖರ್ಜೂರ ಕಟ್ಟಿಕೊಂಡಳು. ನಾನು ಕೈ ಹಿಡಿದು ನಡೆಸಿದೆ. ಎರಡು ಸಣ್ಣ ಕಲ್ಲುಗಳ ನಡುವೆ ಕೂತಳು. ಯಾವಾಗಲೂ ಅವರೊಡನೆ ಮಾತಾಡುವವಳು, ಯಾರ ಮದುವೆಯಾಯಿತು, ಯಾವ ಮೇಕೆ ಈಯಿತು ಎಂದು. ಅಂದು ತುಟಿ ಬಿಚ್ಚಲಿಲ್ಲ. ಏಳುವಾಗ ಮಿನಾತುವಿನ ಕಲ್ಲಿನ ಮೇಲಿನ ಮರಳನ್ನು ಸೆರಗಿನಿಂದ ಒರೆಸಿದಳು, ನುಯೇನಾಳ ಬಾಯಿ ಒರೆಸಿದ ಹಾಗೆಯೇ.

ಅದಾಗಿ ಹತ್ತು ದಿನಕ್ಕೆ ಅಜ್ಜಿ ಮತ್ತೆ ಪಕ್ಕಕ್ಕೆ ಒರಗಿ ನರಳತೊಡಗಿದಳು. ಪರಾತದಲ್ಲಿ ಎರಡೇ ತುತ್ತು ತಿಂದು ಕೈ ತೊಳೆಯುತ್ತಿದ್ದಳು. ಹೊಟ್ಟೆ ಮತ್ತೆ ಬಿಗಿದಿತ್ತು. ಅಮ್ಮ ಜೀರಿಗೆ ನೀರು ಕೊಟ್ಟಳು. ನಾನು ಮಧ್ಯಾಹ್ನ ಮಲಗದೆ ಕಾದೆ.

ಅದೇ ಅಡುಗೆಕೋಣೆಯ ಹಿಂದಿನ ನೆರಳು. ಅಜ್ಜಿ ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸೆನಿಯಾಳ ಮನೆಯ ರೊಟ್ಟಿ, ಒಣಗಿದ್ದು. ಚಹಾ ಇಲ್ಲ, ಏನೂ ಇಲ್ಲ. ರುಚಿಗೆ ತಿನ್ನುತ್ತಿರಲಿಲ್ಲ. ಒಂದೊಂದು ತುಂಡನ್ನೂ ಶಿಕ್ಷೆ ಅನುಭವಿಸುವವರಂತೆ ಅಗಿದು ನುಂಗುತ್ತಿದ್ದಳು. ಈ ಗುಡಾರದಲ್ಲಿ ಯಾರೂ ಒಬ್ಬರೇ ಉಣ್ಣಬಾರದು ಎಂದವಳು.

ಬೇಡ ಎಂದರೆ ಕೇಳುವುದಿಲ್ಲ ಎಂದು ಗೊತ್ತಿತ್ತು. ನಿನ್ನ ತಪ್ಪಲ್ಲ ಎನ್ನಲು ನನಗೆ ಯಾವ ಬಾಯಿ? ನಾನು ಹೋಗಿ ಅವಳ ಪಕ್ಕ ಕೂತೆ. ಕೈ ಚಾಚಿದೆ.

ಎದುರಿಗೆ ಚಾಚಿದ ಕೈಯನ್ನು ಅಜ್ಜಿ ಬದುಕಿನಲ್ಲಿ ಒಮ್ಮೆಯೂ ಬರಿದಾಗಿ ಕಳಿಸಿದವಳಲ್ಲ. ತನಗೆ ಗೊತ್ತಿಲ್ಲದಂತೆಯೇ ರೊಟ್ಟಿ ಮುರಿದು ದೊಡ್ಡ ಅರ್ಧವನ್ನು ನನ್ನ ಕಡೆ ನೀಡಿದಳು. ನೀಡಿದ ಕೈ ನನ್ನ ಅಂಗೈ ಮುಟ್ಟುವ ಮುಂಚೆ ನಿಂತುಬಿಟ್ಟಿತು.

"ನಿನ್ನ ರಕ್ತವೂ ಅದೇ ಅಲ್ವೇನೇ," ಎಂದಳು.

"ಹೂಂ ಅಜ್ಜಿ."

"ಕೊಡಲ್ಲ."

"ಹಾಗಿದ್ರೆ ನೀನೂ ತಿನ್ನಬೇಡ. ಒಬ್ಬಳೇ ತಿನ್ನೋ ಹಾಗಿಲ್ಲ ಅಂತ ನೀನೇ ಹೇಳಿದ್ದು."

ಅಜ್ಜಿ ನನ್ನನ್ನು ದಿಟ್ಟಿಸಿದಳು. "ನಾಲಿಗೆ ಬಂದಿದೆ ನಿನಗೆ," ಎಂದಳು. ಎರಡೂ ತುಂಡುಗಳನ್ನು ಹಿಡಿದುಕೊಂಡು, ಮಂಡಿ ಹಿಡಿದು ಎದ್ದು, ಮೇಕೆ ದೊಡ್ಡಿಯ ತನಕ ನಡೆದಳು. ಹರಿವಾಣದಲ್ಲಿ ರೊಟ್ಟಿಯನ್ನು ಚೂರು ಚೂರು ಮಾಡಿ ಹಾಕಿದಳು. ಎರಡು ಮರಿಗಳು ನುಗ್ಗಿ ಬಂದು ಒಂದೇ ಹರಿವಾಣಕ್ಕೆ ಮೂತಿ ಇಟ್ಟವು. ಅವು ತಿಂದು ಮುಗಿಸುವವರೆಗೂ ಅಜ್ಜಿ ಬೇಲಿಯ ತಗಡಿನ ಮೇಲೆ ಕೈಯಿಟ್ಟು ಅಲ್ಲೇ ನಿಂತಿದ್ದಳು. ತಗಡು ಕಾದು ಸುಡುತ್ತಿತ್ತು. ಅವಳು ಕೈ ತೆಗೆಯಲಿಲ್ಲ. ನಾನು ಹೋಗಿ ಆ ಕೈಯನ್ನು ಎತ್ತಿ ನನ್ನ ಕೈಯೊಳಗೆ ಇಟ್ಟುಕೊಂಡೆ.